ಭಾನುವಾರದ ಒಂದೂವರೆ ಗಂಟೆ

“ಈ ವರ್ಷದ ಪರೀಕ್ಷೆಯೊಂದು ಮುಗಿಯಲಿ, ಆಮೇಲೆ ಚರ್ಚಿಗೆ ಬರುತ್ತಾಳೆ.” ದ್ವಿತೀಯ ಪಿಯುಸಿ ಓದುವ ಮಕ್ಕಳಿರುವ ಕ್ರೈಸ್ತ ಮನೆಗಳಲ್ಲಿ ಈ ಮಾತನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ. ಟ್ಯೂಷನ್ನು ಇರುವುದು ಭಾನುವಾರ ಬೆಳಿಗ್ಗೆಯೇ. ತಂದೆತಾಯಿಯ ಆತಂಕವೂ ಸುಳ್ಳಲ್ಲ. ಆದರೆ ಪಿಯುಸಿಯ ಬೆನ್ನಿಗೇ ಸಿಇಟಿ, ನೀಟ್. ಆಮೇಲೆ ಪರವೂರಿನ ಹಾಸ್ಟೆಲು, ಬಳಿಕ ಬೆಂಗಳೂರಿನ ನೌಕರಿ. ವಾರವಿಡೀ ದುಡಿದವರಿಗೆ ಭಾನುವಾರದ ನಿದ್ದೆಯೇ ಪರಮಸುಖ. ‘ಆಮೇಲೆ’ ಎಂಬ ಆ ದಿನ ಬರುವುದೇ ಇಲ್ಲ.

ಲೂಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಒಂದು ಪುಟ್ಟ ವಿವರವಿದೆ. ನಜರೇತಿಗೆ ಬಂದ ಯೇಸುಸ್ವಾಮಿ ಸಬ್ಬತ್ ದಿನ ತಮ್ಮ ವಾಡಿಕೆಯಂತೆ ಸಭಾಮಂದಿರಕ್ಕೆ ಹೋದರು. ಆ ವಾಡಿಕೆ ಎಲ್ಲಿಂದ ಬಂತು? ಎರಡು ಅಧ್ಯಾಯ ಹಿಂದೆ ಸರಿದರೆ ಸುಳಿವು ಸಿಗುತ್ತದೆ. ಯೋಸೇಫ ಮತ್ತು ಮರಿಯ ಪ್ರತಿವರ್ಷವೂ ಪಸ್ಕಹಬ್ಬಕ್ಕೆ ಯೆರೂಸಲೇಮಿಗೆ ಹೋಗುತ್ತಿದ್ದರು. 12 ವರ್ಷದ ಬಾಲಕನೂ ಅವರ ಜತೆಗಿದ್ದ. ಅವರು ಮಗನನ್ನು ಕಳುಹಿಸಲಿಲ್ಲ, ಕರೆದುಕೊಂಡು ಹೋದರು. ಮಕ್ಕಳನ್ನು ಸಂಡೇ ಸ್ಕೂಲಿನ ಗೇಟಿನಲ್ಲಿ ಇಳಿಸಿ ಮೀನು ಮಾರುಕಟ್ಟೆಯತ್ತ ಸ್ಕೂಟರ್ ತಿರುಗಿಸುವ ಅಪ್ಪಂದಿರು ಯೋಚಿಸಬೇಕಾದ ಮಾತಿದು.

ಬಿಡುವಿಲ್ಲವೆಂಬ ಕಾರಣ ಹಳೆಯದು. ಆದಿಕಾಲದ ಕ್ರೈಸ್ತರಿಗೆ ಭಾನುವಾರ ರಜೆಯೇ ಇರಲಿಲ್ಲ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ವಿಶ್ರಾಂತಿಯ ದಿನವೆಂದು ಸಾರಿದ್ದು ಕ್ರಿ.ಶ. 321ರಲ್ಲಿ. ಅದಕ್ಕೂ ಮೊದಲು, ಸುಮಾರು ಕ್ರಿ.ಶ. 112ರಲ್ಲಿ, ಪ್ಲಿನಿ ಎಂಬ ಪ್ರಾಂತಾಧಿಕಾರಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮೊದಲೇ ಕೂಡುತ್ತಿದ್ದರೆಂದು ತಿಳಿಸಿದ್ದಾನೆ. ಕ್ರೈಸ್ತನೆಂದು ಒಪ್ಪಿಕೊಂಡರೆ ಪ್ರಾಣಕ್ಕೇ ಸಂಚಕಾರವಿದ್ದ ಕಾಲವದು.

“ಮನಸ್ಸಿಲ್ಲದೆ ಹೋಗಿ ಕೂತರೆ ಏನು ಪ್ರಯೋಜನ?” ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಮನಸ್ಸು ಬಂದ ದಿನ ಮಾತ್ರ ಅಮ್ಮ ಒಲೆ ಹಚ್ಚಿದ್ದರೆ ನಾವು ಎಷ್ಟು ದಿನ ಉಪವಾಸವಿರಬೇಕಿತ್ತು! ಪ್ರಸಂಗ ತಲೆಗೆ ಹತ್ತದ ದಿನಗಳು ನನಗೂ ಉಂಟು. ನನ್ನ ತಂದೆ ತೀರಿಕೊಂಡ ನಂತರದ ಭಾನುವಾರ ಬಾಯಿಂದ ಹಾಡೇ ಹೊರಡಲಿಲ್ಲ. ಸುಮ್ಮನೆ ಪುಸ್ತಕ ಹಿಡಿದು ನಿಂತೆ. ಅಕ್ಕಪಕ್ಕದ ಬೆಂಚಿನವರು ಹಾಡಿದರು. ನನ್ನ ಪಾಲಿನ ನಂಬಿಕೆಯನ್ನು ಆ ದಿನ ಅವರು ಹೊತ್ತರು. ರೂಢಿ ಇಲ್ಲದಿದ್ದರೆ ನಾನು ಅಂದು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

2020ರಲ್ಲಿ ಕೊರೋನಾದಿಂದ ಚರ್ಚುಗಳ ಬಾಗಿಲು ಮುಚ್ಚಿದಾಗ ಆರಾಧನೆ ಮೊಬೈಲಿಗೆ ಬಂತು. ರೋಗಿಗಳಿಗೆ, ಮುದುಕರಿಗೆ ಅದು ದೊಡ್ಡ ಉಪಕಾರ. ಆದರೆ ಗಟ್ಟಿಮುಟ್ಟಾದವರಲ್ಲೂ ಕೆಲವರು ಅಲ್ಲಿಯೇ ಉಳಿದುಬಿಟ್ಟರು. ನಾವು ಬಾರದಿದ್ದರೆ ಮೊಬೈಲಿಗೆ ಗೊತ್ತಾಗುವುದಿಲ್ಲ. ಪಕ್ಕದ ಬೆಂಚಿನ ಅಜ್ಜಿಗೆ ಗೊತ್ತಾಗುತ್ತದೆ: “ಕಳೆದ ವಾರ ಕಾಣಲಿಲ್ಲವಲ್ಲ ಮಗಾ, ಜ್ವರವೇನಾದರೂ ಇತ್ತಾ?”

ಹಾಗೆಂದು ಬರೀ ಹಾಜರಿಯೇ ಭಕ್ತಿಯಲ್ಲ. ಅನ್ಯಾಯ ಮಾಡುತ್ತಲೇ ಹಬ್ಬ ಆಚರಿಸುವವರನ್ನು ಕಂಡು ದೇವರಿಗೆ ಬೇಸರವಾಗಿದೆಯೆಂದು ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯವೇ ಹೇಳುತ್ತದೆ. ಭಾನುವಾರ ಕೇಳಿದ್ದು ಸೋಮವಾರದ ನಡೆಯಲ್ಲಿ ಕಾಣಬೇಕು. ಆದರೆ ಕೇಳಲು ಮೊದಲು ಅಲ್ಲಿರಬೇಕಷ್ಟೆ.

ಪರೀಕ್ಷೆಯ ವರ್ಷ ಕ್ವಾಯರಿನ ಅಭ್ಯಾಸ ಬಿಡಲಿ, ಯುವಜನರ ಪಿಕ್‌ನಿಕ್ ಬಿಡಲಿ. ಆರಾಧನೆಯ ಒಂದೂವರೆ ಗಂಟೆ ಮಾತ್ರ ಉಳಿಯಲಿ. ಬೇರೆ ಹೊತ್ತಿಗೆ ಪಾಠ ಸಾಧ್ಯವೇ ಎಂದು ಟ್ಯೂಷನ್ನಿನ ಮೇಷ್ಟ್ರನ್ನು ಒಮ್ಮೆ ಕೇಳಿ ನೋಡಿ. ಇನ್ನು ಪರವೂರಿಗೆ ಓದಲು ಹೊರಟ ವಿದ್ಯಾರ್ಥಿಗಳೇ, ಹೋದ ಮೊದಲ ಭಾನುವಾರವೇ ಹತ್ತಿರದ ಚರ್ಚನ್ನು ಹುಡುಕಿಕೊಳ್ಳಿ. ಎರಡನೆಯ ಭಾನುವಾರದ ಹೊತ್ತಿಗೆ ಸೋಮಾರಿತನಕ್ಕೆ ಆ ಊರು ಚೆನ್ನಾಗಿ ಪರಿಚಯವಾಗಿರುತ್ತದೆ.