ಕಾಡಿನ ಮಾಂಸಕ್ಕೆ ಕಾಡಿನ ಹುಳಿ

ಮಾವಳ್ಳಿಯೆಂದೊಡನೆ ಬೆಂಗಳೂರಿನವರಿಗೆ ಲಾಲ್‌ಬಾಗಿನ ನೆರಳೂ ಟಿಫನ್ ರೂಮಿನ ರವೆ ಇಡ್ಲಿಯೂ ನೆನಪಾಗುವುದು ಸಹಜ. ಕೊಡಗಿನಿಂದ ಬಂದು ಅಲ್ಲಿ ನೆಲಸಿದ ವೃದ್ಧ ಗೃಹಿಣಿಯೊಬ್ಬರ ಅಡಿಗೆಮನೆಯಲ್ಲಿ ಮಾತ್ರ ಕಾಡಿನ ನೆನಪೊಂದು ಸೀಸೆಯೊಳಗೆ ಉಳಿದಿದೆ. ಅದರ ಹೆಸರು ಕಾಚಂಪುಳಿ.

ಪಶ್ಚಿಮಘಟ್ಟದ ಉಪ್ಪಾಗೆಯ ಹಣ್ಣು ಮಳೆಗಾಲದಲ್ಲಿ ಉದುರುವುದು. ಅದನ್ನು ಆರಿಸಿ ಬುಟ್ಟಿಯಲ್ಲಿ ಪೇರಿಸಿಟ್ಟರೆ, ಹಣ್ಣು ಕಳಿತು ರಸವು ಕೆಳಗಿನ ಪಾತ್ರೆಗೆ ಹನಿಹನಿಯಾಗಿ ಇಳಿಯುತ್ತದೆ. ಆ ರಸವನ್ನು ಬಹಳ ಹೊತ್ತು ಕುದಿಸಿ ಬತ್ತಿಸಿದರೆ ಕಾಡಿಗೆಯಂತೆ ಕಪ್ಪಾದ ಪಾಕವಾಗುವುದು, ವರ್ಷಗಟ್ಟಲೆ ಕೆಡದು.

ಬೇಟೆಯ ಮಾಂಸಕ್ಕೂ ಹುಳಿಹಣ್ಣಿಗೂ ಇರುವ ನಂಟು ಬರಿಯ ನಾಲಗೆಯ ಚಪಲವಲ್ಲ. ಓಡಿ ಬೆಳೆದ ಮೃಗದ ಮೈಯಲ್ಲಿ ಕೊಬ್ಬು ಕಡಮೆ, ಸ್ನಾಯು ಬಿಗಿ. ಉರಿ ಮೀರಿದರೆ ನೀರು ಬಸಿದು ಮಾಂಸವು ತೊಗಲಿನಂತಾಗುವುದು. ಮೆದುವಾದ ತುಂಡನ್ನು ಕಾದ ಬಾಣಲೆಯಲ್ಲಿ ಬೇಗನೆ ಹುರಿದು, ಇಳಿಸಿ, ಕೊಂಚ ಹೊತ್ತು ಸುಮ್ಮನೆ ಬಿಡಬೇಕು. ನಾರಿನ ತುಂಡನ್ನು ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸಬೇಕು. ಕೊಬ್ಬು ಕೊಡಬೇಕಾಗಿದ್ದ ರುಚಿಯ ಮೆರುಗನ್ನು ಆಗ ಹುಳಿಯು ಕೊಡುವುದು. ಆದುದರಿಂದಲೇ ಇಂಗ್ಲೆಂಡಿನವರು ಜಿಂಕೆಯ ಮಾಂಸದೊಡನೆ ಕೆಂಪು ಕರಂಟ್ ಹಣ್ಣಿನ ಪಾಕವನ್ನೂ, ಸ್ವೀಡನ್ನಿನವರು ಲಿಂಗನ್ ಹಣ್ಣನ್ನೂ ಬಡಿಸುವರು. ನಮ್ಮ ನಾಡಿನಲ್ಲಿಯೂ ಈ ವಿದ್ಯೆ ಹೊಸತಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನೂ ಮಾಂಸಪಾಕಗಳನ್ನೂ ವಿಸ್ತಾರವಾಗಿ ವರ್ಣಿಸಿದ್ದಾನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿತು. ಅದು ಆಗಬೇಕಾದುದೇ ಆಗಿತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಇಂದಿಗೂ ಕೋವಿಯನ್ನು ಪೂಜಿಸುವರು, ಆದರೆ ಎಲೆಗೆ ಬರುವುದು ಸಾಕಿದ ಹಂದಿಯ ಮಾಂಸ. “ಬೇಟೆಯೇ ಇಲ್ಲದ ಮೇಲೆ ಬೇಟೆಯ ಹುಳಿ ಏತಕ್ಕೆ?” ಎಂದು ಆ ಗೃಹಿಣಿಯ ಪತಿ ಒಮ್ಮೆ ಹಾಸ್ಯ ಮಾಡಿದರು. ಆಕೆ ಉತ್ತರ ಕೊಡಲಿಲ್ಲ. ಹುರಿದು ಕಪ್ಪಾದ ಮೆಣಸು, ಕೊತ್ತಂಬರಿ, ಜೀರಿಗೆಗಳ ಪುಡಿಯಲ್ಲಿ ಮಾಂಸವು ಬೆಂದ ಬಳಿಕ, ಇಳಿಸುವ ಮುನ್ನ ಎರಡು ಚಮಚ ಕಾಚಂಪುಳಿ ಬೆರೆಸಿ ಬಡಿಸಿದರು. ಸಾಕಿದ ಹಂದಿಗೆ ಕೊಬ್ಬು ಹೆಚ್ಚು. ಹಿಂದೆ ಕೊಬ್ಬಿಲ್ಲದ ಕೊರತೆಯನ್ನು ತುಂಬಿದ ಹುಳಿಯೇ ಈಗ ಕೊಬ್ಬಿನ ಜಿಡ್ಡನ್ನು ಮುರಿಯಿತು. ಪತಿ ಮತ್ತೊಮ್ಮೆ ಬಡಿಸಿಕೊಂಡರು.

ಕಾನೂನು ಮೃಗವನ್ನು ಕಾಯ್ದಿದೆ. ಮರವನ್ನು ಕಾಯುವವರು ಯಾರು? 1990ರ ದಶಕದಲ್ಲಿ ಇದೇ ಹಣ್ಣಿನ ಸಿಪ್ಪೆಯು ಮೈಯ ಬೊಜ್ಜನ್ನು ಕರಗಿಸುವ ಮದ್ದೆಂದು ಹೊರದೇಶಗಳಲ್ಲಿ ಹೆಸರಾಯಿತು, ಬೆಲೆ ಏರಿತು, ಉತ್ತರ ಕನ್ನಡದ ಕಾಡುಗಳಲ್ಲಿ ಹಣ್ಣಾಗುವ ಮೊದಲೇ ಕೊಯ್ಯುವ ಆತುರವೂ, ಸಿಪ್ಪೆಯನ್ನು ಒಣಗಿಸಲು ಸೌದೆ ಉರಿಸುವ ಅವಸರವೂ ಹುಟ್ಟಿಕೊಂಡವು. ಮಾಗಿ ತಾನಾಗಿ ಉದುರಿದ ಹಣ್ಣನ್ನು ಆರಿಸಿ, ಅದು ಹನಿಯುವವರೆಗೆ ಕಾದಿದ್ದ ಹಿರಿಯರ ತಾಳ್ಮೆ ಅಡಿಗೆಗೂ ಮೇಲು, ಕಾಡಿಗೂ ಮೇಲು.