ಹನ್ನೊಂದು ಚೀಲ ಹೆಚ್ಚು

ನಮ್ಮ ಊರು ತಿಪಟೂರು, ಕೊಬ್ಬರಿಯ ಊರು. ಇಲ್ಲಿ ತೆಂಗಿನಕಾಯಿಯ ಯಾವ ಭಾಗವೂ ದಂಡವಾಗುವುದಿಲ್ಲ. ಕಾಯಿ ಕೊಬ್ಬರಿಯಾಗುತ್ತದೆ, ಚಿಪ್ಪು ಇದ್ದಿಲಾಗುತ್ತದೆ, ಸಿಪ್ಪೆಯಿಂದ ನಾರು ಬರುತ್ತದೆ. ನಾರು ತೆಗೆದ ಮೇಲೆ ಕಂದು ಬಣ್ಣದ ಪುಡಿ ಉಳಿಯುತ್ತದೆ. ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದೆರಡು ಮಳೆಗಾಲ ನೆನೆದು ಕಪ್ಪಾದ ಪುಡಿಯನ್ನು ಗಿಡಗಳ ನಡುವೆ ಹರಡಿದರೆ ಬಿಸಿಲು ನೇರವಾಗಿ ಮಣ್ಣಿಗೆ ಬೀಳುವುದಿಲ್ಲ, ತೇವ ಆರುವುದಿಲ್ಲ, ಕಳೆಯೂ ಕಡಿಮೆ. ಇದಕ್ಕೆ ಮುಚ್ಚಿಗೆ ಎನ್ನುತ್ತಾರೆ.

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಬೋರ್‌ವೆಲ್ ನೀರು ಸಣ್ಣಗಾಯಿತು. ಹಿತ್ತಲಿನ ಗಿಡಗಳಿಗೆ ದಿನವೂ ನೀರು ಹಾಕುವಂತಿರಲಿಲ್ಲ. ಕರಿಬೇವು, ನುಗ್ಗೆ, ಬದನೆ, ದಾಸವಾಳ ಇವೆಲ್ಲ ಹೇಗೋ ತಡೆದುಕೊಳ್ಳುತ್ತವೆ. ನಮಗೆ ಚಿಂತೆ ಇದ್ದದ್ದು ದುಂಡುಮಲ್ಲಿಗೆಯದು. ನನ್ನ ಹೆಂಡತಿಗೆ ಅವಳ ತಾಯಿ ಕೊಟ್ಟ ಕಡ್ಡಿಯಿಂದ ಬೆಳೆದ ಗಿಡ ಅದು. ತಾಯಿ ಈಗಿಲ್ಲ. ಆ ಮನೆಯನ್ನೂ ಮಾರಿಯಾಗಿದೆ. ತವರಿನದು ಅಂತ ಅವಳಿಗೆ ಉಳಿದಿದ್ದು ಆ ಗಿಡ ಒಂದೇ.

“ಮುಚ್ಚಿಗೆ ಹಾಕೋಣ” ಎಂದೆ. ಎಷ್ಟು ಚೀಲ ಬೇಕು ಎಂಬ ಲೆಕ್ಕಕ್ಕೆ ನಾನೇ ಕುಳಿತೆ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಬಿ.ಕಾಂ. ಓದಿದವನು, ಲೆಕ್ಕ ಬೇರೆಯವರಿಗೆ ಬಿಡುತ್ತೇನೆಯೇ? ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಪುಟ್ಟಿ ಟೇಪು ಹಿಡಿದಳು. ಆಗಷ್ಟೇ ಏಳನೇ ತರಗತಿ ಮುಗಿಸಿದ್ದಳು.

ಹಿತ್ತಲು 24 ಅಡಿ ಉದ್ದ, 10 ಅಡಿ ಅಗಲ. ಅಂದರೆ 240 ಚದರ ಅಡಿ. ಮುಚ್ಚಿಗೆ ಮೂರು ಇಂಚು ದಪ್ಪ ಇರಬೇಕು. ನಾನು ಕ್ಯಾಲ್ಕುಲೇಟರ್ ತೆಗೆದುಕೊಂಡು 240ನ್ನು 0.3ರಿಂದ ಗುಣಿಸಿದೆ. 72 ಘನ ಅಡಿ ಬಂತು. ಒಂದು ಅಕ್ಕಿ ಚೀಲದಲ್ಲಿ ಸುಮಾರು ಎರಡು ಘನ ಅಡಿ ಪುಡಿ ಹಿಡಿಸುತ್ತದೆ. ಹಾಗಾದರೆ 36 ಚೀಲ.

ಪುಟ್ಟಿ ಕಾಗದವನ್ನೇ ನೋಡುತ್ತಿದ್ದಳು. “ತಾತ, ಅಡಿಗೆ ಹನ್ನೆರಡು ಇಂಚಲ್ವಾ? ಮೂರು ಇಂಚು ಅಂದ್ರೆ ಕಾಲು ಅಡಿ. 0.25 ಆಗ್ಬೇಕು. ಆಮೇಲೆ ಬಟ್ಟೆ ಒಗೆಯೋ ಕಲ್ಲು, ಓಡಾಡೋ ದಾರಿ, ಅಲ್ಲೆಲ್ಲ ಯಾಕೆ ಹಾಕ್ಬೇಕು?”

ಅವಳು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಯನ್ನು ಕೂಗಿ ಕೂಗಿ ಕಲಿತ ಕಾಲದವನು ನಾನು. 1957ರಲ್ಲಿ ನಯಾ ಪೈಸೆ ಬಂದು ರೂಪಾಯಿಗೆ ನೂರು ಪೈಸೆ ಆದ ಮೇಲೂ ನಮ್ಮ ಮನೆಯಲ್ಲಿ ಬಹಳ ದಿನ ಆಣೆಯ ಮಾತೇ ನಡೆಯುತ್ತಿತ್ತು. ಆದರೆ ಬ್ಯಾಂಕಿನಲ್ಲಿ ಬರೀ ಹತ್ತು, ನೂರರ ಲೆಕ್ಕ ಮಾಡಿ ಮಾಡಿ, ಇಂಚನ್ನೂ ಪೈಸೆಯಂತೆ ಎಣಿಸಿಬಿಟ್ಟಿದ್ದೆ.

ಗೊತ್ತಾದರೂ ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. “ನಾನು ಲಕ್ಷಗಟ್ಟಲೆ ಎಣಿಸಿದವನು, ನೀನು ನನಗೆ ಹೇಳಿಕೊಡ್ತೀಯಾ? ಹೋಗಿ ಆಟ ಆಡು” ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. ಟೇಪನ್ನು ಸುತ್ತಿ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ನಾನು ಫ್ಯಾಕ್ಟರಿಗೆ ಫೋನ್ ಮಾಡಿ 36 ಚೀಲವನ್ನೇ ಹೇಳಿದೆ.

ಲಗೇಜ್ ಆಟೊ ಎರಡು ಸಲ ಬಂತು. 25 ಚೀಲಕ್ಕೇ ಹಿತ್ತಲೆಲ್ಲ ಮುಚ್ಚಿಹೋಯಿತು. ಪುಟ್ಟಿಯ ಲೆಕ್ಕವೂ ಅಷ್ಟೇ ಆಗಿತ್ತು. ದಾರಿ, ಕಲ್ಲಿನ 40 ಚದರ ಅಡಿ ಕಳೆದರೆ ಉಳಿಯುವುದು 200. ಅದರ ಕಾಲು ಭಾಗ 50 ಘನ ಅಡಿ. ಚೀಲಕ್ಕೆ ಎರಡರಂತೆ 25. ನನ್ನ ಮುಂದೆ ಹನ್ನೊಂದು ಚೀಲ ಹಾಗೇ ಕುಳಿತಿದ್ದವು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ ನನ್ನ ಕೌಂಟರಿನಲ್ಲಿ ನೂರು ರೂಪಾಯಿ ಹೆಚ್ಚು ಬಂದಿತ್ತು. ಕಡಿಮೆ ಬಂದಿಲ್ಲವಲ್ಲ ಎಂದು ನಾನು ಖುಷಿಯಲ್ಲಿದ್ದೆ. ನಮ್ಮ ಹಿರಿಯ ಕ್ಯಾಷಿಯರು ಕನ್ನಡಕ ಮೇಲೇರಿಸಿ, “ಹೆಚ್ಚು ಬಂದರೂ ತಪ್ಪೇ ಕಣಯ್ಯ. ನಿನ್ನ ಹತ್ತಿರ ಹೆಚ್ಚಾಗಿದ್ದು ಯಾರದೋ ಹತ್ತಿರ ಕಡಿಮೆಯಾಗಿದೆ. ಪುಸ್ತಕದಲ್ಲಿ ಬರೆ” ಎಂದರು. ಬರೆದೆ. ಮಾರನೆಯ ದಿನ ಹಣದ ಯಜಮಾನರು ಹುಡುಕಿಕೊಂಡು ಬಂದರು. ಅಂದಿನಿಂದ ನಿವೃತ್ತಿಯವರೆಗೆ ಒಂದು ರೂಪಾಯಿ ಹೆಚ್ಚಾದರೂ ಬರೆದಿಟ್ಟವನು ನಾನು.

ಅಂಥವನು ಮನೆಯಲ್ಲಿ ಏನು ಮಾಡಿದೆ ಗೊತ್ತೇ? ಪುಟ್ಟಿ ಮಧ್ಯಾಹ್ನ ಮಲಗಿದ್ದಾಗ ಐದು ಚೀಲವನ್ನು ಹಿತ್ತಲಿನ ತುಂಬ ಮತ್ತೆ ಹರಡಿದೆ. ಉಳಿದ ಆರನ್ನು ಮಲ್ಲಿಗೆಯ ಸುತ್ತ ಸುರಿದೆ. ಮಲ್ಲಿಗೆಗೆ ತಾನೇ ಹೆಚ್ಚು ಆರೈಕೆ ಬೇಕಾದದ್ದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ರಾಶಿ ಮೊಣಕಾಲಿನ ಹತ್ತಿರ ಬಂತು, ಬುಡ ಕಾಣದಂತಾಯಿತು. ಖಾಲಿ ಚೀಲಗಳನ್ನು ಮಡಿಸಿ ಅಟ್ಟಕ್ಕೆ ಹಾಕಿದೆ.

ಮೇ ತಿಂಗಳಲ್ಲಿ ಮಳೆ ಹಿಡಿಯಿತು. ಮಳೆ ನಿಂತರೂ ಆ ರಾಶಿ ಮಾತ್ರ ಒದ್ದೆ ಸ್ಪಂಜಿನಂತೆ ಇತ್ತು. ತಿಂಗಳ ಕೊನೆಗೆ ಮಲ್ಲಿಗೆಯ ಎಲೆ ಹಳದಿಯಾಗಿ ಉದುರತೊಡಗಿತು. ನನ್ನ ಹೆಂಡತಿ ಕೊಂಬೆ ಹಿಡಿದು ಎಳೆದು ನೋಡಿದಳು. ಗಿಡ ಅಲುಗಾಡಿತು. “ಅಮ್ಮ ಕೊಟ್ಟಿದ್ದು ಕಣ್ರೀ” ಎಂದಳು. ಬೇರೆ ಏನೂ ಹೇಳಲಿಲ್ಲ.

ಪುಟ್ಟಿ ಮತ್ತು ನಾನು ಕೈಯಿಂದಲೇ ಪುಡಿ ಸರಿಸಿದೆವು. ಬುಡದ ತೊಗಟೆ ಮೆತ್ತಗಾಗಿ ಬಿಳಿ ಬೂಷ್ಟು ಹಿಡಿದಿತ್ತು. ಕಾಂಡಕ್ಕೆ ಗಾಳಿ ಬೇಕು. ಬುಡದ ಸುತ್ತ ಒಂದು ಗೇಣು ಬಿಟ್ಟು ಮುಚ್ಚಿಗೆ ಹಾಕಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ.

ಪುಟ್ಟಿ ತಲೆ ಎತ್ತದೆ ಕೇಳಿದಳು: “ತಾತ, ಪುಡಿ ಮಿಕ್ಕಿತ್ತು ಅಂತ ಇಲ್ಲಿ ಹಾಕಿದ್ರಾ?”

ಇಲ್ಲ ಎನ್ನಬಹುದಿತ್ತು. ಮಳೆಯ ಮೇಲೆ ಹಾಕಬಹುದಿತ್ತು. “ಹೌದು ಪುಟ್ಟಿ. ನಿನ್ನ ಲೆಕ್ಕವೇ ಸರಿ ಇತ್ತು. ಅವತ್ತೇ ನನಗೆ ಗೊತ್ತಾಗಿತ್ತು” ಎಂದೆ. ಹೆಂಡತಿ ಅಲ್ಲೇ ನಿಂತಿದ್ದಳು. ಎಪ್ಪತ್ತು ದಾಟಿದ ಮೇಲೆ ಇಬ್ಬರೆದುರು ಹೀಗೆ ತಲೆ ತಗ್ಗಿಸಿದ್ದು ಅದೇ ಮೊದಲು. “ಅವತ್ತೇ ಹೇಳಿದ್ದಿದ್ರೆ ಹನ್ನೊಂದು ಚೀಲ ವಾಪಸ್ ಕೊಡ್ಬಹುದಿತ್ತು” ಎಂದಳು ಪುಟ್ಟಿ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಗಿಡ ಉಳಿಯಲಿಲ್ಲ. ಆದರೆ ಮೇಲಿನ ಎರಡು ಕೊಂಬೆ ಇನ್ನೂ ಹಸಿರಾಗಿದ್ದವು. ನನ್ನ ಹೆಂಡತಿ ಅವುಗಳಿಂದ ಐದು ಕಡ್ಡಿ ಕತ್ತರಿಸಿ, ಮಣ್ಣಿಗೆ ಸ್ವಲ್ಪ ನಾರಿನ ಪುಡಿ ಬೆರೆಸಿ ಕುಂಡಗಳಲ್ಲಿ ನೆಟ್ಟಳು. ಮೂರು ಒಣಗಿದವು. ಎರಡು ಚಿಗುರಿದವು.

ಈ ಬೇಸಿಗೆಗೆ ಪುಟ್ಟಿ ಮತ್ತೆ ಬಂದಳು. ಈ ಸಲ ಲೆಕ್ಕ ಅವಳದು, ಟೇಪು ಹಿಡಿಯುವುದು ನನ್ನದು. ಮೊದಲು ಒಂದು ಅಡಿ ಉದ್ದ, ಅಗಲ, ಎತ್ತರದ ರಟ್ಟಿನ ಪೆಟ್ಟಿಗೆ ಹುಡುಕಿ, ಒಂದು ಚೀಲ ಪುಡಿಯನ್ನು ಅದರಲ್ಲಿ ಅಳೆದು ನೋಡಿದಳು. ಎರಡು ಪೆಟ್ಟಿಗೆ ಸರಿಯಾಗಿ ತುಂಬಿತು. ಆಮೇಲೆ ಮಣ್ಣಿಗೆ ಕಡ್ಡಿ ಚುಚ್ಚಿದಳು. ಹಳೆಯ ಮುಚ್ಚಿಗೆ ಒಂದು ಇಂಚಿನಷ್ಟು ಉಳಿದಿತ್ತು. ಹಾಗಾದರೆ ಬೇಕಾದದ್ದು ಇನ್ನು ಎರಡೇ ಇಂಚು, ಅಂದರೆ ಅಡಿಯ ಆರನೇ ಒಂದು ಭಾಗ. 200ನ್ನು ಆರರಿಂದ ಭಾಗಿಸಿದರೆ 33 ಘನ ಅಡಿ ಮತ್ತು ಚಿಲ್ಲರೆ. 17 ಚೀಲ.

“ತಾತ, ನೀವೂ ಒಂದ್ಸಲ ನೋಡಿ” ಎಂದು ಕಾಗದ ಕೊಟ್ಟಳು. ಕನ್ನಡಕ ಮೇಲೇರಿಸಿ ನೋಡಿದೆ. ಸರಿ ಇತ್ತು. ಬ್ಯಾಂಕಿನಲ್ಲಿ ಹಾಕುತ್ತಿದ್ದಂತೆ ಕೆಳಗೆ ನನ್ನ ರುಜು ಹಾಕಿ ಕೊಟ್ಟೆ.

ಎರಡು ಮಲ್ಲಿಗೆ ಸಸಿಗಳೂ ಈಗ ನೆಲಕ್ಕಿಳಿದಿವೆ. ಅವುಗಳ ಬುಡದ ಸುತ್ತ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದೇವೆ. ಆ ಗೇಣು ಅಳೆದದ್ದು ಪುಟ್ಟಿಯ ಕೈಯಲ್ಲಿ. ಚಿಕ್ಕದಾಯಿತೇನೋ ಎಂದು ನಾನು ಆಮೇಲೆ ಇನ್ನೆರಡು ಬೆರಳು ಸರಿಸಿದೆ. ಅವಳಿಗೆ ಹೇಳಿಯೇ ಸರಿಸಿದೆ.