ಗೆಹ್ಲೌರ್‌ನ 360 ಅಡಿ

ಗಯಾಕ್ಕೆ ಹೋದವರು ಅಲ್ಲಿ ಒಂದು ತರಕಾರಿ, ಒಂದು ಹಣ್ಣು ಬಿಟ್ಟು ಬರಬೇಕೆಂಬ ಪದ್ಧತಿ ನಮ್ಮಲ್ಲಿದೆ. ಅಕ್ಷಯವಟದ ಬುಡದಲ್ಲಿ ಸಂಕಲ್ಪ ಮಾಡಿ, ತನಗೆ ತುಂಬ ಇಷ್ಟವಾದದ್ದನ್ನು ಇನ್ನು ಮುಟ್ಟುವುದಿಲ್ಲ ಎನ್ನಬೇಕು. ಅಪ್ಪನ ಶ್ರಾದ್ಧಕ್ಕೆಂದು ಅಣ್ಣನ ಜೊತೆ ಹೋಗಿದ್ದ ನಾನು, ಆ ಆಲದ ಸುತ್ತ ನಿಂತಿದ್ದ ನಮ್ಮ ಕಡೆಯವರು ಏನೇನು ಬಿಡುತ್ತಿದ್ದಾರೆಂದು ಕೇಳಿಸಿಕೊಂಡೆ. ಹಾಗಲಕಾಯಿ, ಬೂದುಗುಂಬಳ, ಬೇಲದ ಹಣ್ಣು. ಮಾವಿನ ಹಣ್ಣು ಬಿಟ್ಟವರು ಒಬ್ಬರೂ ಸಿಗಲಿಲ್ಲ. ಅಣ್ಣನೂ ಹಾಗಲಕಾಯಿಯನ್ನೇ ಬಿಟ್ಟ. "ಹೇಗಿದ್ರೂ ನಾನು ತಿನ್ನಲ್ವಲ್ಲೇ" ಅಂದ. ನನಗೆ ನಿಜಕ್ಕೂ ಬೇಸರವಾಯಿತು. ತನಗೆ ಬೇಡದ್ದನ್ನು ಬಿಡಲು ಇಷ್ಟು ದೂರ ಬರಬೇಕಾಗಿರಲಿಲ್ಲ. ಪಿಂಡದಾನದ ದರ ಕೂತಲ್ಲೇ ಏರುತ್ತ ಹೋದದ್ದು, ತರ್ಪಣದ ನಡುವೆಯೇ ಚೌಕಾಸಿ ನಡೆದದ್ದು ಆ ಬೇಸರವನ್ನು ಇನ್ನಷ್ಟು ಹೆಚ್ಚಿಸಿತು. ಸತ್ತವರ ಹೆಸರಿನಲ್ಲಿ ಬದುಕಿರುವವರನ್ನು ಹೀಗೆ ಹಿಂಡಬಾರದು.

ಮರುದಿನ ಬೋಧಗಯಾ. ಆಟೋ ಇಳಿದಲ್ಲಿಂದಲೇ ಹೋಟೆಲುಗಳ ಸಾಲು, ಧ್ಯಾನಶಿಬಿರದ ಫಲಕಗಳ ಸಾಲು. ಇಷ್ಟು ದಿನಕ್ಕೆ ಇಷ್ಟು ರೂಪಾಯಿ, ನಿಮ್ಮನ್ನು ನೀವು ಕಂಡುಕೊಳ್ಳಿ. ಮಹಾಬೋಧಿ ದೇವಾಲಯದೊಳಗೆ ಮೊಬೈಲ್ ಬಿಡುವುದಿಲ್ಲ. 2013ರ ಬಾಂಬ್ ಸ್ಫೋಟಗಳ ನಂತರ ಬಂದ ಕಟ್ಟುಪಾಡು ಅದು. ಕಾರಣ ಕ್ರೂರವಾದರೂ ಫಲ ಒಳ್ಳೆಯದೇ. ಜನ ಮರವನ್ನು ಕಣ್ಣಿನಿಂದ ನೋಡುತ್ತಾರೆ. ಈಗಿರುವುದು ಸಿದ್ಧಾರ್ಥ ಕೂತ ಮರವಲ್ಲ. 1876ರಲ್ಲಿ ಹಳೆಯ ಅರಳಿ ಬಿದ್ದುಹೋದ ಮೇಲೆ ಅದರದೇ ಸಸಿಯನ್ನು ಪುರಾತತ್ತ್ವಜ್ಞ ಕನ್ನಿಂಗ್‌ಹ್ಯಾಮ್ ನೆಡಿಸಿದ್ದು.

ಅಲ್ಲಿ ಕೆಂಪು ವಸ್ತ್ರದ ಒಬ್ಬ ಯುವಭಿಕ್ಷು ನಮ್ಮ ಮಾತು ಕೇಳಿ, "ಮೈಸೂರ್ ಕಡೆಯೋರಾ?" ಎಂದು ಸ್ವಚ್ಛ ಕನ್ನಡದಲ್ಲಿ ಕೇಳಿದ. ಬೈಲಕುಪ್ಪೆಯಲ್ಲಿ ಹುಟ್ಟಿದವನು, ಚಳಿಗಾಲದ ಪ್ರಾರ್ಥನಾ ಸಭೆಗೆ ಬಂದಿದ್ದ. ಬುದ್ಧ ಇಲ್ಲಿ ಎಷ್ಟು ದಿನ ಇದ್ದ ಎಂದು ಅಣ್ಣ ಕೇಳಿದ್ದಕ್ಕೆ, ಜ್ಞಾನ ಸಿಕ್ಕಮೇಲೆ ಏಳು ವಾರ ಎಂದ. ಆಮೇಲೆ? ಎದ್ದು ಸಾರನಾಥಕ್ಕೆ ನಡೆದುಹೋದ ಎಂದ.

ಆ ಮಾತು ಮನಸ್ಸಿನಲ್ಲಿ ನಿಂತುಬಿಟ್ಟಿತು. ಏಳು ವಾರದ ಜಾಗಕ್ಕೆ ಜಗತ್ತೆಲ್ಲ ಬರುತ್ತದೆ. ಎದ್ದ ಮೇಲಿನ 45 ವರ್ಷ ಆತ ಮಗಧದ ಇದೇ ಧೂಳಿನಲ್ಲಿ, ಗಂಗೆಯ ಬಯಲಿನ ಊರೂರಿನಲ್ಲಿ ನಡೆದ, ಭಿಕ್ಷೆ ಎತ್ತಿದ, ಜಗಳ ಬಿಡಿಸಿದ, ಬೋಧಿಸಿದ. ಕಂಡುಕೊಂಡದ್ದಕ್ಕೆ ತಾನೇ ಹೊಣೆಯಾಗಿ ಬದುಕಿದ್ದು ಆ ವರ್ಷಗಳಲ್ಲಿ. ಆ ಭಾಗಕ್ಕೆ ಶಿಬಿರವಿಲ್ಲ, ಫಲಕವೂ ಇಲ್ಲ. ನಮಗೆ ಬೇಕಾದದ್ದು ಕೂರುವುದು ಮಾತ್ರ.

ರೈಲಿಗೆ ಇನ್ನೊಂದು ದಿನ ಇತ್ತು. ಟ್ಯಾಕ್ಸಿಯವನು ರಾಜಗೀರ್, ನಾಲಂದಾ ಎಂದು ಹಟ ಹಿಡಿದ. ನಾನು ಗೆಹ್ಲೌರ್ ಎಂದೆ.

ಅಲ್ಲಿ ಒಬ್ಬರೇ ಬೆಟ್ಟ ಕಡಿದು ದಾರಿ ಮಾಡಿದ ದಶರಥ ಮಾಂಝಿಯ ಕತೆ ನಮ್ಮವರಿಗೆ ಹೊಸದಲ್ಲ. ಜಯತೀರ್ಥ ಅವರ 'ಒಲವೇ ಮಂದಾರ' 2011ರಲ್ಲಿ ಬಂದಾಗ ಅದರಲ್ಲೊಂದು ಪಾತ್ರ ಇವರದೇ ನೆರಳು. ನಾಲ್ಕು ವರ್ಷದ ಮೇಲೆ ಹಿಂದಿ ಸಿನಿಮಾ ಬಂತು. ಗೋಧಿ, ಸಾಸಿವೆ ಹೊಲಗಳ ನಡುವೆ ಕಾರು ಓಡುತ್ತಿದ್ದಾಗ ನನ್ನ ತಲೆಯಲ್ಲಿದ್ದದ್ದೂ ಸಿನಿಮಾದ ಬೆಟ್ಟವೇ. ನಿಜವಾದ ಬೆಟ್ಟ ಅಷ್ಟು ಎತ್ತರವಿಲ್ಲ. ಬೋಳು ಕಲ್ಲಿನ ಒಂದು ಉದ್ದನೆಯ ದಿಣ್ಣೆ. ಅದರ ಮಧ್ಯೆ ಸೀಳಿದಂತೆ ರಸ್ತೆ. ಉದ್ದ 360 ಅಡಿ, ಅಗಲ 30 ಅಡಿ, ಕೆಲವೆಡೆ ಆಳ 25 ಅಡಿ. ಕಾರಿನಲ್ಲಿ ದಾಟಲು ಒಂದು ನಿಮಿಷವೂ ಬೇಡ. ಇಳಿದು ನಡೆದೆವು. ಪಕ್ಕದ ಬಂಡೆಯನ್ನು ಅಂಗೈಯಿಂದ ಒತ್ತಿದರೆ ಬಿಸಿಲಿಗೆ ಕಾದ ಕಲ್ಲು, ಒಂದು ಹರಳೂ ಉದುರುವುದಿಲ್ಲ. ಅಣ್ಣ ವೃತ್ತಿಯಲ್ಲಿ ಸಿವಿಲ್ ಎಂಜಿನಿಯರ್. ಮಾತಾಡದೆ ಆ ತುದಿಯಿಂದ ಈ ತುದಿಗೆ ಹೋಗಿ ಬಂದ. "ಸುತ್ತಿಗೆ, ಉಳೀಲಿ?" ಎಂದಷ್ಟೇ ಕೇಳಿದ.

ಸುತ್ತಿಗೆ, ಉಳಿಯಲ್ಲೇ. ಮಾಂಝಿ ಮುಸಹರ ಸಮುದಾಯದವರು. ಬಿಹಾರದ ದಲಿತರಲ್ಲೇ ಕೊನೆಯ ಪಂಕ್ತಿಗೆ ತಳ್ಳಲ್ಪಟ್ಟವರು. ಸ್ವಂತ ಹೊಲವಿಲ್ಲ, ಕೂಲಿಯೇ ಗತಿ. ಹೆಂಡತಿ ಫಲ್ಗುಣಿ ದೇವಿ ಬೆಟ್ಟ ಹತ್ತುವಾಗ ಬಿದ್ದು ಪೆಟ್ಟು ಮಾಡಿಕೊಂಡರು. ಆಸ್ಪತ್ರೆ ಇದ್ದದ್ದು ಬೆಟ್ಟದ ಆಚೆ, ಬಳಸಿ ಹೋಗಬೇಕು. 1960ರಲ್ಲಿ ಕಡಿಯಲು ತೊಡಗಿದರು, 1982ರಲ್ಲಿ ಮುಗಿಸಿದರು. ಅತ್ರಿ ಮತ್ತು ವಜೀರಗಂಜ್ ಬ್ಲಾಕ್‌ಗಳ ನಡುವಿನ 55 ಕಿಲೋಮೀಟರ್ ದಾರಿ 15ಕ್ಕೆ ಇಳಿಯಿತು. ಅದರ ಮೇಲೆ ನಡೆಯಲು ಫಲ್ಗುಣಿ ಉಳಿದಿರಲಿಲ್ಲ.

ಸಿನಿಮಾಗಳು ಇದನ್ನು ಪ್ರೇಮಕತೆ ಎಂದವು. ನನಗೆ ಅಲ್ಲಿ ನಿಂತಾಗ ಅಷ್ಟೇ ಅನ್ನಿಸಲಿಲ್ಲ. ಪ್ರೀತಿ, ದುಃಖ, ಸಿಟ್ಟು ಮೊದಲ ವರ್ಷವನ್ನು ದಾಟಿಸಿರಬಹುದು. ಉಳಿದ ವರ್ಷಗಳಲ್ಲಿ ಬೆಳಿಗ್ಗೆ ಎದ್ದು ಪರರ ಹೊಲದಲ್ಲಿ ದುಡಿದು, ಮಿಕ್ಕ ಹೊತ್ತಿನಲ್ಲಿ ಬಂಡೆಯ ಮುಂದೆ ನಿಂತ ಮನುಷ್ಯನಿಗೆ ಬೇರೇನೋ ಆಗಿರಬೇಕು. ಈ ಕೆಲಸ ನನ್ನದು, ನಾನು ಮಾಡದಿದ್ದರೆ ಆಗುವುದಿಲ್ಲ ಎಂದು ಒಬ್ಬ ಒಪ್ಪಿಕೊಂಡ ಗಳಿಗೆಯಲ್ಲೇ ಅವನು ಯಾರೆಂಬುದೂ ತೀರ್ಮಾನವಾಗುತ್ತದೆ. ಮೊದಲು ತನ್ನನ್ನು ಹುಡುಕಿಕೊಂಡು ಆಮೇಲೆ ಕೆಲಸ ಹುಡುಕುವ ನಮ್ಮ ಕ್ರಮ ಅಲ್ಲಿ ತಲೆಕೆಳಗಾಗಿತ್ತು.

ಕಣಿವೆಯ ಬಾಯಿಯಲ್ಲಿ ಒಂದು ಚಹಾದಂಗಡಿ. ಮುದುಕನೊಬ್ಬ ಬೆರಣಿಯ ಕೆಂಡದಲ್ಲಿ ಲಿಟ್ಟಿ ಸುಡುತ್ತಿದ್ದ. ಗೋಧಿಹಿಟ್ಟಿನ ಉಂಡೆಯೊಳಗೆ ಹುರಿಗಡಲೆಯ ಸತ್ತು, ಓಮ, ಹಸಿಮೆಣಸು, ಸಾಸಿವೆ ಎಣ್ಣೆ. ಜೊತೆಗೆ ಸುಟ್ಟ ಬದನೆ, ಟೊಮೆಟೊ, ಆಲೂಗಡ್ಡೆ ಕಿವುಚಿದ ಚೋಖಾ. ಬೂದಿ ತಟ್ಟಿ, ಬಾಯಿ ಬಿರಿದ ಲಿಟ್ಟಿಯನ್ನು ತುಪ್ಪಕ್ಕೆ ಅದ್ದಿ ಕೊಟ್ಟ. ಬೋಧಗಯಾದ ಹೋಟೆಲಿನಲ್ಲಿ ಇದರ ನಾಲ್ಕು ಪಟ್ಟು ಕೊಟ್ಟು ತಿಂದ ಊಟ ನನಗೆ ನೆನಪೇ ಇಲ್ಲ. ಈ ಲಿಟ್ಟಿಯ ಹೊಗೆಯ ರುಚಿ ಇವತ್ತಿಗೂ ಇದೆ.

"ಚಾಚಾ, ನೀವು ಅವರನ್ನು ನೋಡಿದ್ರಾ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

"ನೋಡದೆ ಏನು ಬೇಟಿ. ಹುಡುಗರೆಲ್ಲ ಹುಚ್ಚ ಅಂತ ಕೂಗ್ತಿದ್ವಿ. ಅವರು ತಿರುಗಿಯೂ ನೋಡ್ತಿರಲಿಲ್ಲ." ಕೆಂಡ ಕೆದಕುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಷ್ಟು ಜನ ಇದ್ವಿ. ಒಂದು ಕಲ್ಲು ಎತ್ತಿ ಆಚೆ ಹಾಕಿದವನಲ್ಲ ನಾನು."

ಅಷ್ಟರಲ್ಲಿ ಒಂದು ಬಸ್ಸಿನ ತುಂಬ ಕಾಲೇಜು ಹುಡುಗರು ಇಳಿದರು. ಮಾಂಝಿಯ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡರು. ಅವರ ಮೇಷ್ಟ್ರು, ಮನಸ್ಸಿದ್ದರೆ ಒಬ್ಬನೇ ಏನು ಬೇಕಾದರೂ ಮಾಡಬಹುದು, ಸರ್ಕಾರವನ್ನು ಕಾಯಬಾರದು ಎಂದು ಭಾಷಣ ಮಾಡಿದರು. ಆ ಮಾತಿನ ಮೊದಲರ್ಧಕ್ಕೆ ನಾನು ತಲೆಬಾಗುತ್ತೇನೆ. ಎರಡನೆಯದನ್ನು ಒಪ್ಪಲಾರೆ. ಒಬ್ಬ ಬಡವ ತನ್ನ ಪ್ರಾಯವನ್ನೆಲ್ಲ ಕಲ್ಲಿಗೆ ಕೊಡಬೇಕಾಗಿ ಬಂದದ್ದು ಬೇರೆ ಯಾರೋ ತಮ್ಮ ಹೊಣೆ ಹೊರದಿದ್ದುದರಿಂದ. 2006ರಲ್ಲಿ ಮುಖ್ಯಮಂತ್ರಿ ನಿತೀಶ್ ಕುಮಾರ್ ಎದ್ದು ಮಾಂಝಿಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಮರುವರ್ಷ ಆಗಸ್ಟ್ 17ರಂದು ಮಾಂಝಿ ದೆಹಲಿಯ ಏಮ್ಸ್‌ನಲ್ಲಿ ತೀರಿಕೊಂಡರು. ಡಾಂಬರು ರಸ್ತೆ ಬಂದದ್ದು ಅದಾದ ಮೇಲೆ. 2016ರಲ್ಲಿ ಅವರ ಚಿತ್ರದ ಅಂಚೆಚೀಟಿಯೂ ಬಂತು. ತಾನಾಗಿ ಹೆಗಲಿಗೆ ಹಾಕಿಕೊಂಡ ಹೊಣೆ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ; ಅದನ್ನೇ ನೆಪ ಮಾಡಿ ಬಲವಿದ್ದವರು ಕೈ ತೊಳೆದುಕೊಳ್ಳುವುದು ದ್ರೋಹ.

ಹಿಂದಿರುಗುವಾಗ ಅಣ್ಣ, ನಮ್ಮೂರಿನ ಹೈಸ್ಕೂಲಿನ ದಾರಿಯ ಮೋರಿ ಎಷ್ಟು ವರ್ಷದಿಂದ ಒಡೆದಿದೆ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಪಂಚಾಯಿತಿಗೆ ಬರೆಯುತ್ತೇನೆ, ನಕ್ಷೆ ನಾನೇ ಹಾಕಿಕೊಡುತ್ತೇನೆ ಎಂದ. ಹಾಕಿಕೊಟ್ಟಿದ್ದಾನೆ, ಕೆಲಸ ಇನ್ನೂ ಶುರುವಾಗಿಲ್ಲ, ಅವನು ತಿಂಗಳಿಗೊಮ್ಮೆ ಹೋಗಿ ಕೇಳುತ್ತಿದ್ದಾನೆ.

ಕಾಶಿ-ಗಯಾ ಯಾತ್ರೆಗೆ ಹೊರಡುವವರಲ್ಲಿ ನನ್ನದೊಂದು ವಿನಂತಿ. ಟ್ಯಾಕ್ಸಿಯವನು ಬೇಡವೆಂದರೂ ಅರ್ಧ ದಿನ ಉಳಿಸಿಕೊಂಡು ಗೆಹ್ಲೌರ್‌ಗೆ ಹೋಗಿ. ಅದು ಸಾರ್ವಜನಿಕ ರಸ್ತೆ, ಟಿಕೆಟ್ ಇಲ್ಲ. ಕಾರಿನಿಂದ ಇಳಿದು ಆ 360 ಅಡಿಯನ್ನು ನಡೆದೇ ದಾಟಿ.